ಸಭಾಹಿರಿಯರ ಕುಂಬಳಕಾಯಿ

ಕರ್ತನ ಭೋಜನದ ಹಿಂದಿನ ದಿನ ದೇವದಾನಪ್ಪ ಮಾವ ಸೈಕಲ್ಲೇರಿ ಕೊಡಿಗೇಹಳ್ಳಿಯ ಕ್ರೈಸ್ತರ ಮನೆಗಳನ್ನೆಲ್ಲ ಸುತ್ತುತ್ತಿದ್ದರು. ಇಳಿಯುತ್ತಿರಲಿಲ್ಲ; ಜಗಲಿಯ ಮೇಲೆ ಒಂದು ಕಾಲೂರಿ, "ಯಾರ್ ಮೇಲಾದ್ರೂ ಮುನಿಸಿದ್ಯೇನ್ರಮ್ಮಾ?" ಎಂದು ಕೇಳುವರು. ಇದೆ ಎಂದವರಿಗೆ ರಾಜಿಯಾಗುವವರೆಗೆ ಹಿಂದಿನ ಬೆಂಚು. ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ. ನಮ್ಮ ಪುಟ್ಟ ಸಭೆಗೆ ಅವರು ಹಿರಿಯರು, ನನಗೆ ಸೋದರಮಾವ.

ಐವತ್ತಾರರ ಸುಗ್ಗಿಹಬ್ಬದಲ್ಲಿ ಕಾಣಿಕೆಗೆ ಬಂದ ಕುಂಬಳಕಾಯಿಯೊಂದು ಕಾಣೆಯಾಯಿತು. (ಕುಂಬಳವೋ ಸೋರೆಯೋ, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ; ಅಮ್ಮ ಕುಂಬಳವೆನ್ನುತ್ತಿದ್ದಳು.) ಅಂದು ಚರ್ಚಿನಿಂದ ಎಲ್ಲರಿಗಿಂತ ಕೊನೆಗೆ ಹೊರಟವನು ಗಾರೆ ಕೆಲಸದ ಶಾಂತಪ್ಪ. ಮಾವ ಎಲ್ಲರೆದುರು ಅವನನ್ನು ಕಳ್ಳನೆಂದರು. ಅವನು ಸಭೆಯನ್ನೇ ಬಿಟ್ಟು ಮತ್ತಿಕೆರೆ ಸೇರಿದ.

ಅರವತ್ತೆರಡರಲ್ಲಿ ಎಂಟು ಗ್ರಹಗಳು ಒಂದೆಡೆ ಸೇರಿ ಪ್ರಳಯವಾಗುತ್ತದೆಂದು ಊರೆಲ್ಲ ನಡುಗಿತು. ಅಕ್ಕಪಕ್ಕದಲ್ಲಿ ಹೋಮ, ನಮ್ಮಲ್ಲಿ ದಿನವೂ ಕಣ್ಣೀರಿನ ಪ್ರಾರ್ಥನೆ. ಒಂದು ಸಂಜೆ ಮಾವ ನನ್ನನ್ನು ಪಕ್ಕಕ್ಕೆ ಕರೆದರು.

"ಆ ಕಾಯಿ ಮುರುಕು ಬೆಂಚುಗಳ ಹಿಂದೆ ಉರುಳಿತ್ತು ಕಣೋ. ನಾಲ್ಕು ತಿಂಗಳಾದ್ಮೇಲೆ ಕೈಗೆ ಸಿಕ್ತು, ಕೊಳೆತಿತ್ತು. ಯಾರ್ಗೂ ಹೇಳ್ದೆ ಹೂತ್ಬಿಟ್ಟೆ."

ಆಗ ನಾನು ಎಂ.ಎ. ಓದುತ್ತಿದ್ದ ನಾಸ್ತಿಕ. "ಪ್ರಳಯ ಗಿಳಯ ಏನೂ ಆಗಲ್ಲ, ಬಿಡಿ ಮಾವ" ಎಂದೆ.

"ಆಗದಿದ್ರೇನೇ ಕಷ್ಟ. ಶಾಂತಪ್ಪ ಇಲ್ಲೇ ಇರ್ತಾನೆ, ನಾನೂ ಇರ್ತೀನಿ."

ಮರುದಿನ ಇಬ್ಬರೂ ಮತ್ತಿಕೆರೆಗೆ ಹೋದೆವು. ಶಾಂತಪ್ಪ ಎಲ್ಲ ಕೇಳಿ, ಗಾರೆ ಮೆತ್ತಿದ ಕರಣೆ ಒರೆಸುತ್ತ ನಕ್ಕ. "ಭಯಕ್ಕೆ ಬಂದಿದ್ದೀರಣ್ಣಾ. ಈ ವಾರ ಕಳೀಲಿ. ಪ್ರಪಂಚ ಉಳಿದ್ರೆ ಆಗ ಬನ್ನಿ, ನೋಡೋಣ."

ಪ್ರಪಂಚ ಉಳಿಯಿತು. ಜನ ತಮ್ಮ ಹೆದರಿಕೆಗೆ ತಾವೇ ನಕ್ಕು ಕೆಲಸಕ್ಕೆ ಹೊರಟರು. ಪ್ರಾರ್ಥನೆಯ ಚಾಪೆಗಳು ಖಾಲಿಯಾದವು. ಇನ್ನು ಮಾವನೂ ಹೋಗಲಾರರು ಎಂದುಕೊಂಡೆ. ಹೋದರು, ಒಬ್ಬರೇ. ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯದು.

ಆ ಭಾನುವಾರ ಅವರು ಸಭೆಯೆದುರು ನಿಂತು ಕಾಯಿ ಹೂತದ್ದನ್ನು ಹೇಳಿ, ನೇರವಾಗಿ ಹಿಂದಿನ ಬೆಂಚಿಗೆ ಹೋಗಿ ಕುಳಿತರು. ಪಾದ್ರಿಗಳು ರೊಟ್ಟಿ ಮುರಿದು ಕರೆದಾಗಲೂ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶಾಂತಪ್ಪ ಬಂದು ಅವರ ರಟ್ಟೆ ಹಿಡಿದ.

"ಏಳಿ ಅಣ್ಣಾ. ನಂಗೂ ಆರು ವರ್ಷದ ಹಸಿವು."

ಮುಂದಿನ ವರ್ಷ ಮಾವ ತೀರಿಕೊಂಡರು. ನಾನು ಈಗಲೂ ನಂಬಿಕೆಯವನಲ್ಲ. ಅವರ ಗೋರಿ ಕಟ್ಟಿದವನು ಶಾಂತಪ್ಪ. "ಹಸಿ ಗಾರೆಗೆ ಮೂರು ದಿನ ನೀರು ಕುಡಿಸ್ಬೇಕು, ನಾನೇ ಬರ್ತೀನಿ" ಎಂದ. ಮೂರು ದಿನವೂ ಬಂದ. ಬಾವಿಯಿಂದ ನೀರು ಸೇದಿ ಕೊಟ್ಟವನು ನಾನು.