ಅವ್ವ ನನ್ನನ್ನು ಶಾಲೆಗೆ ಹಾಕಿದ ದಿನ

ನಾನು ಚಿಕ್ಕವಳಿದ್ದಾಗ ಕೆಂಭಾವಿ ಕಡೆಯ ನಮ್ಮ ಹಳ್ಳಿಯಲ್ಲಿ ಮಕ್ಕಳಿಗಿಂತ ಕುರಿಮರಿಗಳೇ ಹೆಚ್ಚಿದ್ದವು. ನಮ್ಮದು ಕುರಿ ಸಾಕುವ ಮನೆ. ಬೆಳಗ್ಗೆ ಅಪ್ಪ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಅಡವಿಗೆ ಹೋದರೆ, ಎಳೆಯ ಮರಿಗಳು ಮನೆಯ ಹಿಂದಿನ ದಡ್ಡಿಯಲ್ಲಿ ಉಳಿಯುತ್ತಿದ್ದವು. ದಡ್ಡಿ ಅಂದರೆ ಜಾಲಿಮುಳ್ಳಿನ ಬೇಲಿ ಹಾಕಿದ ಜಾಗ. ಸಂಜೆ ತಾಯಿಕುರಿಗಳು ಬರುವ ತನಕ ಮರಿ ಕಾಯುವುದು ನನ್ನ ಕೆಲಸ. ಹಾಲು, ಉಣ್ಣೆ, ಹಿಕ್ಕೆ ಎಲ್ಲ ಸೇರಿದ ಒಂದು ವಾಸನೆ ಅವುಗಳ ಮೈಯಿಂದ ಬರುತ್ತಿತ್ತು. ನನ್ನ ಲಂಗಕ್ಕೂ ಅದೇ ವಾಸನೆ.

ನಿಜಾಮರ ಆಳ್ವಿಕೆ ಆಗಷ್ಟೇ ಮುಗಿದಿತ್ತು. ಅಲ್ಲಿಯವರೆಗೆ ನಮ್ಮೂರಲ್ಲಿ ಶಾಲೆಯೇ ಇರಲಿಲ್ಲ. ಈಗ ಹನುಮಪ್ಪನ ಗುಡಿಯಲ್ಲಿ ಕನ್ನಡ ಶಾಲೆ ತೆರೆಯಲು ಒಬ್ಬ ಮಾಸ್ತರರು ಬಂದರು. ಮಕ್ಕಳ ಹೆಸರು ಬರೆದುಕೊಂಡು ಅಂದೇ ಸಂಜೆ ಪಟ್ಟಿಯನ್ನು ಸುರಪುರಕ್ಕೆ ಒಯ್ಯುವವರಿದ್ದರು. ನನ್ನ ಹೆಸರೂ ಅದರಲ್ಲಿ ಇರಲೇಬೇಕೆಂದು ಅವ್ವ ಹಟ ಹಿಡಿದಳು.

"ಮರಿ ಯಾರು ಕಾಯ್ತಾರವ್ವಾ?" ಎಂದು ಮುತ್ಯಾ, ಅಂದರೆ ನನ್ನ ಅಪ್ಪನ ಅಪ್ಪ, ಕೇಳಿದ.

"ಅದು ನನಗ ಬಿಡ್ರಿ ಮಾವ. ಹುಡುಗಿ ನಾಕ ಅಕ್ಷರ ಕಲೀಲಿ."

ಅವ್ವ ನನ್ನ ತಲೆಗೆ ಕುಸುಬಿ ಎಣ್ಣೆ ಹಚ್ಚಿ, ಕಣ್ಣು ಮೇಲೆ ಹೋಗುವಷ್ಟು ಬಿಗಿಯಾಗಿ ಜಡೆ ಹೆಣೆದು ಗುಡಿಗೆ ಕರೆದೊಯ್ದಳು. ಮಾಸ್ತರರು ನನ್ನ ವಯಸ್ಸು ಕೇಳಿದರು. "ನಮ್ಮ ಕರೇ ಕುರಿ ಅವಳಿ ಮರಿ ಹಾಕಿದ ವರ್ಷ ಹುಟ್ಯಾಳ್ರಿ" ಎಂದಳು ಅವ್ವ. ಮಾಸ್ತರರಿಗೆ ಅದರಿಂದ ಏನೂ ತಿಳಿಯಲಿಲ್ಲ. ನನ್ನತ್ತ ತಿರುಗಿ, "ಬಾರವ್ವ, ನಿನ್ನ ಕಿವಿ ನೋಡೂನು" ಎಂದರು.

ನಾನು ಓಟ ಕಿತ್ತೆ.

ಯಾಕೆಂದರೆ, ಹೊಸ ಕುರಿ ನಮ್ಮ ಹಿಂಡಿಗೆ ಸೇರಿದರೆ ಮೊದಲು ಅದರ ಕಿವಿಯಂಚು ಕತ್ತರಿಸಿ ಗುರುತು ಮಾಡುತ್ತಿದ್ದರು. "ನಾವೆಲ್ಲ ಈಗ ಹಿಂದುಸ್ತಾನಕ್ಕ ಸೇರೀವಿ" ಎಂದು ಮುತ್ಯಾ ದಿನಾ ಹೇಳುತ್ತಿದ್ದ. ಹೊಸದಾಗಿ ಸೇರಿದವರು ಅಂದ ಮೇಲೆ ನಮ್ಮ ಕಿವಿಯನ್ನು ಬಿಡುತ್ತಾರೆಯೇ? ಮಾಸ್ತರರ ಚೀಲದಲ್ಲಿ ಕತ್ತರಿ ಇರುವುದು ಖಂಡಿತ ಅನ್ನಿಸಿತು. ಎರಡೂ ಕಿವಿ ಮುಚ್ಚಿಕೊಂಡು ದಡ್ಡಿಯಲ್ಲಿ ಮರಿಗಳ ನಡುವೆ ಕೂತೆ.

ಅವ್ವ ಹಿಂದೆಯೇ ಓಡಿ ಬಂದಳು. "ಒಲ್ಲೆ ಅಂತಾಳ, ಬಿಡವ್ವಾ. ಮರಿ ಕಾಯ್ಕೊಂಡಿರಲಿ" ಎಂದ ಮುತ್ಯಾ. ಅವ್ವ ಬಿಡಲಿಲ್ಲ. ನನ್ನ ಪಕ್ಕ ಕೂತು ಕಾರಣ ಕೇಳಿದಳು. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನನ್ನ ಕೈ ಹಿಡಿದು ಎಬ್ಬಿಸಿದಳು.

"ನಡಿ, ಮೊದಲ ನನ್ನ ಕಿವಿ ತೋರಸ್ತೀನಿ" ಎಂದಳು.

ಆ ಕಾಲದಲ್ಲಿ ಸೊಸೆಯಂದಿರು ಗಂಡಸರ ಎದುರು ತಲೆಯ ಮೇಲಿನ ಸೆರಗು ತೆಗೆಯುತ್ತಿರಲಿಲ್ಲ. ಅವ್ವ ಗುಡಿಯ ಮುಂದೆ, ಊರವರೆಲ್ಲ ನೋಡುತ್ತಿರುವಾಗ, ಸೆರಗು ಕೆಳಗಿಳಿಸಿ, "ನೋಡ್ರಿ ಮಾಸ್ತರ್ರಿ" ಎಂದಳು. ಮಾಸ್ತರರು ತಬ್ಬಿಬ್ಬಾದರು. "ಹಂಗಲ್ಲವ್ವಾ, ಹಿಂಗ" ಎಂದು ತಮ್ಮ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿ ತೋರಿಸಿದರು. ಮಗುವಿನ ಕೈಗೆ ಕಿವಿ ಎಟುಕಿದರೆ ಶಾಲೆಯ ವಯಸ್ಸಾಗಿದೆ ಎಂದು ಅರ್ಥವಂತೆ, ಅಷ್ಟೇ! ಅವ್ವ ಮುಟ್ಟಿದಳು. ನಾನೂ ಮುಟ್ಟಿದೆ. ನನ್ನ ಹೆಸರು ಪಟ್ಟಿಗೆ ಬಿತ್ತು.

ಮೊಮ್ಮಕ್ಕಳೇ, ನಿಮ್ಮ ಹುಟ್ಟಿದ ದಿನವನ್ನು ನೀವು ಮನೆಗೆ ಬರುವ ಮೊದಲೇ ಆಸ್ಪತ್ರೆಯಲ್ಲಿ ಬರೆದುಕೊಂಡಿರುತ್ತಾರೆ. ಶಾಲೆಯ ಗಾಡಿ ಬಾಗಿಲಿಗೇ ಬಂದು ಹಾರ್ನ್ ಹೊಡೆಯುತ್ತದೆ. ನನ್ನ ಅವ್ವ ಮುಂದೆ ನಿಮ್ಮ ಅಪ್ಪನಿಗೆ ಆಯಿಯಾಗಿ, ಅಂದರೆ ಅಜ್ಜಿಯಾಗಿ, ಅವನನ್ನೂ ಕೈಹಿಡಿದು ಶಾಲೆಗೆ ಬಿಟ್ಟು ಬಂದಳು. ಅವಳಿಗೆ ಕೊನೆಯವರೆಗೂ ಒಂದಕ್ಷರ ಬರಲಿಲ್ಲ.

ನಾನು ಓದಿದಷ್ಟು ವರ್ಷವೂ ಮರಿ ಕಾದವಳು ಅವಳೇ. ನಸುಕಿಗೆ ಎದ್ದು ಜೋಳ ಬೀಸಿ, ರೊಟ್ಟಿ ಬಡಿದು, ಹೊಲಕ್ಕೆ ಹೋಗಿ ಬರುತ್ತಿದ್ದ ಅವಳಿಗೆ ಮಧ್ಯಾಹ್ನ ಬೇವಿನ ನೆರಳಲ್ಲಿ ಅಡ್ಡಾಗುವುದೊಂದೇ ಸುಖವಿತ್ತು. ಆ ಹೊತ್ತನ್ನು ಮರಿಗಳಿಗೆ ಕೊಟ್ಟಳು. ಆಗ ಅವ್ವನ ಜೊತೆ ಹೊಲಕ್ಕೆ ಹೋಗುತ್ತಿದ್ದ ನನ್ನ ಅಕ್ಕ ಇದನ್ನು ನನಗೆ ಹೇಳಿದ್ದು ಅವ್ವ ತೀರಿಹೋದ ಮೇಲೆ. ನಿಮ್ಮನ್ನು ಶಾಲೆಗೆ ಕಳಿಸಿದ ಮೇಲೆ ನಿಮ್ಮ ಅವ್ವ ಏನು ಮಾಡುತ್ತಾಳೆ ಎಂದು ಯಾವತ್ತಾದರೂ ಕೇಳಿದ್ದೀರಾ? ನಾನು ಕೇಳಿರಲಿಲ್ಲ.