ಹಿಂದಿನ ಸೀಟಿನ ತುಂಬಿದ ಕೊಡ

ಒಂದಾನೊಂದು ಊರಿನಲ್ಲಿ ಒಬ್ಬ ರಾಜ. ಮಗನಿಗೆ ಹದಿನೆಂಟು ತುಂಬಿದ ದಿನವೇ ಲಾಯದ ಬಾಗಿಲು ತೆರೆದು, "ಯಾವ ಕುದುರೆ ಬೇಕೋ ಹತ್ತು" ಅಂದನಂತೆ. ಮುಂದೇನಾಯಿತು ಎಂದು ಕೇಳಿದರೆ ನಮ್ಮಜ್ಜಿ, "ಮುಂದೇನು, ರಾಣಿ ಅತ್ತಳು" ಎಂದು ಮಗ್ಗುಲಾಗುತ್ತಿದ್ದಳು.

ಆ ರಾಜನ ಕಾನೂನು ಇನ್ನೂ ಜಾರಿಯಲ್ಲಿದೆ. ಹದಿನೆಂಟು ತುಂಬಿರಬೇಕು, ಮೈದಾನದಲ್ಲಿ ಕಾಲೂರದೆ ಎಂಟರ ಆಕಾರ ಸುತ್ತಬೇಕು. ಮುಗಿಯಿತು. ನೂರು ಸಿಸಿ ಬೈಕಿಗೂ ಆರುನೂರೈವತ್ತರದಕ್ಕೂ ಅದೊಂದೇ ಲೈಸೆನ್ಸು.

ಬುಕ್ಕಸಾಗರದ ಎರ್ರಮ್ಮ ಇದನ್ನು ಒಪ್ಪುವುದಿಲ್ಲ. ಬೆಳಗಿನ ಐದೂವರೆಗೆ ಊರಾಚೆಯ ಕಣದಲ್ಲಿ ಅವರು ಬೈಕಿನ ಹಿಂದಿನ ಸೀಟಿಗೆ ಬಾಯಿಮಟ ನೀರು ತುಂಬಿದ ಕೊಡ ಕಟ್ಟುತ್ತಿದ್ದಾರೆ. ಹ್ಯಾಂಡಲ್ ಹಿಡಿದವಳು ಲಲಿತಾ. ಲೈಸೆನ್ಸ್ ಬಂದು ತಿಂಗಳಾಗಿದೆ. ವಾರಕ್ಕೆರಡು ಸಲ ತಾಯಿ ಜಂಬಕ್ಕನನ್ನು ಡಯಾಲಿಸಿಸ್‌ಗೆ ಹೊಸಪೇಟೆಗೆ ಕರೆದೊಯ್ಯಬೇಕು. ಬಸ್ಸು ನೆಚ್ಚಿ ನಿಂತರೆ ಸರದಿ ತಪ್ಪುತ್ತದೆ.

"ನಿಮ್ಮವ್ವನ್ನ ನಿನ್ನ ಗಾಡಿ ಮ್ಯಾಲೆ ದವಾಖಾನಿ ಮುಟ್ಟಿಸೋದು ನನ್ನ ಜವಾಬ್ದಾರಿ. ಆದ್ರ ಕೊಡ ತುಳುಕಬಾರ್ದು," ಎಂದು ಎರ್ರಮ್ಮ ಮಾತು ಕೊಟ್ಟಿದ್ದಾರೆ.

ಕಣದ ತುದಿಯಲ್ಲಿ ಲಲಿತಾ ಗಕ್ಕನೆ ಮುಂದಿನ ಬ್ರೇಕ್ ಹಿಡಿಯುತ್ತಾಳೆ. ಅರ್ಧ ಕೊಡ ಅವಳ ಬೆನ್ನ ಮೇಲೆ.

"ನೋಡು, ಈಗ ನಿಮ್ಮವ್ವ ರೋಡಿನಾಗ. ಮತ್ತ ತುಂಬ್ಕೊಂಡು ಬಾ."

ಈ ಪಾಠ ಹುಟ್ಟಿದ್ದು ಹಾಲಿನಿಂದ. ನಲವತ್ತೇಳರ ಎರ್ರಮ್ಮ ಹತ್ತೊಂಬತ್ತು ವರ್ಷಗಳಿಂದ ದಿನಾ ಎಂಬತ್ತು ಲೀಟರ್ ಹಾಲನ್ನು ಬೈಕಿನ ಮೇಲೆ ಕಮಲಾಪುರ, ಕಡ್ಡಿರಾಂಪುರದ ಹೋಟೆಲುಗಳಿಗೆ ಹಾಕುತ್ತಿದ್ದಾರೆ. "ಹಿಂದ ಭಾರ ಬಿತ್ತಂದ್ರ ಗಾಡೀನ ಬ್ಯಾರೆ ಆಗ್ತೈತ್ರಿ. ಅದನ್ನ ಹಾಲಿನ ಕ್ಯಾನು ಕಲಿಸ್ತು, ಲೈಸೆನ್ಸ್ ಕೊಟ್ಟ ಸಾಹೇಬ್ರಲ್ಲ."

ಬೇರೆಯವರಿಗೆ ಕಲಿಸತೊಡಗಿದ್ದು ಆರು ವರ್ಷದ ಹಿಂದೆ, ತಮ್ಮ ಹಾಲೇಶ್ ಬಿದ್ದ ಮೇಲೆ. ಲೈಸೆನ್ಸ್ ಸಿಕ್ಕ ವಾರವೇ ಗೆಳೆಯನ ದೊಡ್ಡ ಬೈಕು, ಹಿಂದೆ ಇಬ್ಬರು, ಸಂಡೂರು ರಸ್ತೆಯ ಮೇಲೆ ಚೆಲ್ಲಿದ ಅದಿರಿನ ಪುಡಿ. ಎಡಗಾಲು ಮೊಣಕಾಲಿನಿಂದ ಕೆಳಗಿಲ್ಲ. ಹುಡುಗನ ಕೊಬ್ಬು ಅಂದಿತು ಊರು. ಕಲಿಸದೆ ಲೈಸೆನ್ಸ್ ಕಾರ್ಡು ಕೊಟ್ಟವರನ್ನು ಯಾರೂ ಕೇಳಲಿಲ್ಲ.

ಎರ್ರಮ್ಮನ ಕಣದಲ್ಲಿ ಮೆಟ್ಟಿಲುಗಳಿವೆ. ಮೊದಲು ಸಣ್ಣ ಬೈಕು, ಒಬ್ಬರೇ, ಹಗಲಿನಲ್ಲಿ. ಆಮೇಲೆ ಕೊಡ. ಕೊಡದ ನಂತರ ಮನುಷ್ಯರು. ದೊಡ್ಡ ಬೈಕು, ರಾತ್ರಿ, ಸಂಡೂರು ರಸ್ತೆ ಎಲ್ಲಕ್ಕೂ ಕೊನೆಗೆ. ಕೆಲವು ದೇಶಗಳಲ್ಲಿ ಇಂಥ ಮೆಟ್ಟಿಲೇ ಕಾನೂನು. ನಮಗೇಕೆ ಬೇಡ? ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.

"ಹಂಗ ಬರೀಬ್ಯಾಡ್ರಿ ಮೇಡಂ," ಕಲ್ಲಿನ ಮೇಲೆ ಕೂತ ಹಾಲೇಶ್ ನನ್ನನ್ನು ತಡೆಯುತ್ತಾರೆ. "ಕಂಪ್ಲಿ ಮಿಲ್ಲಿನ ಕೆಲಸಕ್ಕ ಒಂದ ಗಾಡಿ ಮ್ಯಾಲೆ ಇಬ್ರು ಹೋಗ್ತಾರ. ವರ್ಷಗಟ್ಟಲೆ ಹಿಂದಿನ ಸೀಟಿನ್ಯಾಗ ಯಾರೂ ಕುಂದ್ರಬಾರ್ದು ಅಂದ್ರ ಬಸ್ಸು ಬಿಡ್ತಾರೇನು? ಮೆಟ್ಟಿಲಿಗೊಂದು ಕಾರ್ಡು, ಕಾರ್ಡಿಗೊಬ್ಬ ಏಜೆಂಟು. ಕೂಲಿ ಬಿಟ್ಟು ಪಾಳಿ ಹಚ್ಚಿ ನಿಲ್ಲೋನು ಬಡವ."

"ಕಾಲು ಹೋದ್ರೂ ಬಾಯಿ ಉಳದೈತಿ ನೋಡ್ರಿ," ಎನ್ನುತ್ತಾರೆ ಅಕ್ಕ. ಅಲ್ಲಗಳೆಯುವುದಿಲ್ಲ. "ಅಂವ ಹೇಳೋದೂ ಖರೇನ. ಅದಕ್ಕ ಊರೂರಾಗ ಪುಕ್ಕಟೆ ಕಲಿಸ್ರಿ ಅಂತೀನಿ. ಆಮ್ಯಾಲೆ ಕಾರ್ಡು ಕೇಳ್ರಿ."

ಈವರೆಗೆ ನಲವತ್ತೊಂದು ಮಂದಿ ಕೊಡ ದಾಟಿದ್ದಾರೆ. ಯಾವ ಕಚೇರಿಯೂ ಅವರನ್ನು ಎಣಿಸಿಲ್ಲ. ಎಣಿಸುವುದು ಬಿದ್ದವರನ್ನು ಮಾತ್ರ.

ನಾಲ್ಕನೆಯ ಬೆಳಗ್ಗೆ ಲಲಿತಾಳ ಬೆನ್ನು ಒಣಗಿಯೇ ಇದೆ. ಎರ್ರಮ್ಮ ಹಗ್ಗ ಬಿಚ್ಚಿ ಕೊಡ ಇಳಿಸುತ್ತಾರೆ. ಅದೇ ಜಾಗದಲ್ಲಿ ಜಂಬಕ್ಕನನ್ನು ಕೂರಿಸಿ, ಹೆಲ್ಮೆಟ್ ಪಟ್ಟಿ ಬಿಗಿದು, ಹೊಸಪೇಟೆಯ ಆಸ್ಪತ್ರೆ ಗೇಟಿನವರೆಗೂ ಹಾಲಿನ ಬೈಕಿನಲ್ಲಿ ಹಿಂದೆಯೇ ಹೋಗುತ್ತಾರೆ.

"ಅಂಜಿಕಿ ಆತೇನಬೇ ಜಂಬಕ್ಕ?"

"ಇಲ್ಲವ್ವ. ಕಮಲಾಪುರ ದಾಟಿದ ಮ್ಯಾಲೆ ಕಣ್ಣ ಎಳೆದಂಗಾತು."

"ಹಿಂದ ಕುಂತು ನಿದ್ದಿ ಮಾಡಬ್ಯಾಡಬೇ. ನಾ ಕಲಿಸಿದ್ದು ನಿನ್ನ ಮಗಳಿಗಷ್ಟ," ಎಂದು ಎರ್ರಮ್ಮ ಬೈಕು ತಿರುಗಿಸುತ್ತಾರೆ. ಹಾಲಿಗೆ ಹೊತ್ತಾಗಿದೆ.