ಓಣಿಯೆಲ್ಲ ಕರೆಯುವ ಹೆಸರು

ಹೆಸರುಗಳ ಹುಚ್ಚು ನನಗೆ ಯಾರೂ ಹಚ್ಚಿದ್ದಲ್ಲ. ಬ್ಯಾಡಗಿಯಿಂದ ರಾಣೆಬೆನ್ನೂರಿನ ಬೀಜದ ಅಂಗಡಿಗೆ ಕೆಲಸಕ್ಕೆ ಹೋಗಿಬರುವ ಬಸ್ಸಿನಲ್ಲಿ, ಹಳೆಯ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಹಚ್ಚಿಕೊಂಡದ್ದು. ಹಾಗಾಗಿ ಅಣ್ಣನಿಗೆ ಹೆಣ್ಣುಕೂಸು ಹುಟ್ಟಿದಾಗ, ಸೋದರತ್ತೆ ನಾನು, ಹೆಸರಿಡುವ ಹಕ್ಕು ನನ್ನದೇ ಎಂದು ಕುಣಿದಾಡಿಬಿಟ್ಟೆ.

ಸಿಕ್ಕಿತು: ರೋಹಿಣಿ. ಕೂಸು ಹುಟ್ಟಿದ್ದೂ ಅದೇ ಮಳೆಯಲ್ಲಿ. ಆಕಾಶದ ಚಿಕ್ಕಿಯ ಹೆಸರು, ಆ ಚಿಕ್ಕಿಯ ಮಳೆಯ ಹೆಸರು. ಮೂಲಕ್ಕೆ ಹೋದರೆ ಕೆಂಪು ಬಣ್ಣದವಳು, ಇನ್ನೂ ಹಿಂದಕ್ಕೆ ಹೋದರೆ ಮೇಲೇರುವವಳು, ಬೆಳೆಯುವವಳು. ಜೊತೆಗೆ ‘ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ’ ಅನ್ನುವ ನಮ್ಮ ಕಡೆಯ ಗಾದೆ ಬೇರೆ! ಆದರೆ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೇಳುವ ತನಕ ಸೋದರತ್ತೆ ಬಾಯಿ ಬಿಡುವಂತಿಲ್ಲ. ಹೇಳಿದ ಕೂಡಲೇ ಹೆಂಗಸರೆಲ್ಲ ಶಾಸ್ತ್ರಕ್ಕೆಂದು ಅವಳ ಬೆನ್ನಿಗೆ ಗುದ್ದುತ್ತಾರೆ.

ಬಾಣಂತನ ಅಣ್ಣನ ಹೆಂಡತಿ, ನಮ್ಮ ವೈನಿಯ ತವರು ಮೋಟೆಬೆನ್ನೂರಿನಲ್ಲಿ. ನೋಡಲು ಹೋದರೆ ವೈನಿ ಬಿಡಲೊಲ್ಲಳು.

“ನನಗರ ಹೇಳ ತಂಗಿ.”

“ಗುದ್ದು ತಿನ್ನೂತನಾ ಹೇಳಂಗಿಲ್ರಿ ವೈನಿ.”

“ಹಂಗಾರ ಮೊದಲನೇ ಗುದ್ದು ನಂದ!”

ಹದಿಮೂರನೆಯ ದಿನ ತೊಟ್ಟಿಲು ಎಂದಿತ್ತು. ಒಂಬತ್ತನೆಯ ದಿನ ಕೂಸಿಗೆ ಉಸಿರು ಕಟ್ಟಿತು. ಹಾವೇರಿಯ ಆಸ್ಪತ್ರೆ ಮುಟ್ಟುವ ಮೊದಲೇ ವೈನಿಯ ಮಡಿಲಲ್ಲಿ ಹೋಯಿತು. ಹೆಸರಿಲ್ಲದೆ ಮಣ್ಣಿಗಿಟ್ಟೆವು.

ಅವ್ವ ನನ್ನನ್ನು ಹಿತ್ತಿಲಿಗೆ ಕರೆದಳು. “ಆ ಹೆಸರು ನಿನ್ನ ಹೊಟ್ಟ್ಯಾಗ ಇರಲಿ. ಗೊತ್ತಾತಂದ್ರ ಕರದು ಕರದು ಅಳತಾಳಕಿ.”

ಚಳಿಗಾಲದ ತನಕ ಇಟ್ಟುಕೊಂಡೆ. ಒಂದು ಮಧ್ಯಾಹ್ನ ಬ್ಯಾಡಗಿಯ ನಮ್ಮ ಮನೆಯಲ್ಲಿ ಇಬ್ಬರೂ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಾಗ ವೈನಿ ತಲೆಯೆತ್ತದೆ ಕೇಳಿದಳು: “ನಿನಗಷ್ಟ ಗೊತ್ತೈತಿ. ಹೆತ್ತಾಕಿಗೆ ಗೊತ್ತಿಲ್ಲ. ಇದು ನ್ಯಾಯ ಏನ?”

ಕಿವಿಯಲ್ಲಿ ಹೇಳಿದೆ.

“ಹಂಗಂದ್ರೇನ?”

“ಮಳಿ ಹೆಸರ್ರಿ,” ಅಂದೆ. ಬೆಳೆಯುವವಳು ಅನ್ನುವುದು ನಾಲಿಗೆಗೆ ಬರಲಿಲ್ಲ. ವೈನಿ ಖಾರದ ಕೈಯಿಂದಲೇ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದಳು, ಮೆತ್ತಗೆ. ಆ ಮುಷ್ಟಿ ಎಷ್ಟೋ ಹೊತ್ತು ಬೆನ್ನಿನ ಮೇಲೇ ಇತ್ತು.

ಅಷ್ಟೆಲ್ಲ ಅರ್ಥ ಹುಡುಕಿದ ನನಗೆ ಇದೊಂದು ಹೊಳೆದಿರಲಿಲ್ಲ: ಮಳೆಯ ಹೆಸರನ್ನು ಊರೆಲ್ಲ ಕರೆಯುತ್ತದೆ. ಈ ವರ್ಷ ಮೇ ಕೊನೆಗೆ ಎದುರಿನ ಕಟ್ಟೆಯ ಮೇಲೆ ಕೂತ ರೈತರದು ಬೆಳಗಿನಿಂದ ಸಂಜೆಯವರೆಗೆ ಅದೇ ಮಾತು.

“ರೋಹಿಣಿ ಬಂತೇನಪಾ?”

“ಎಲ್ಲೀ ರೋಹಿಣಿ ಹಚ್ಚೀದಿ, ಈ ಸಲ ಕೈ ಕೊಡ್ತು ಅದು.”

ವೈನಿ ಎದ್ದು ಬಾಗಿಲು ಹಾಕಿಕೊಂಡಳು. ಆ ಮಳೆಯ ಹದಿನಾಲ್ಕು ದಿನ ಮುಗಿಯುವ ತನಕ ನಮ್ಮ ಮನೆಯ ಮುಂಬಾಗಿಲು ತೆರೆಯಲಿಲ್ಲ, ಹಿತ್ತಿಲಿನಿಂದಲೇ ಓಡಾಡಿದೆವು. ಹೆಸರು ಯಾಕೆ ಹೇಳಿದಿ ಎಂದು ಅವ್ವ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.